ತಕ್ಕಡಿಯಿಂದ ಡಿಜಿಟಲ್ ತ್ರಾಸಿನವರೆಗೆ

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತ್ರಾಸು ಇತ್ತು. ಅದರ ಸಣ್ಣ ಬಟ್ಟುಗಳನ್ನು ಕೈಯಲ್ಲಿ ಮುಟ್ಟುವಂತಿರಲಿಲ್ಲ, ಚಿಮಟದಿಂದಲೇ ಎತ್ತಬೇಕಿತ್ತು. "ನಿನ್ನ ಬೆರಳಿನ ಬೆವರಿಗೂ ತೂಕ ಇದೆ ಕಣೋ" ಎಂದು ವಿಜ್ಞಾನದ ಮೇಷ್ಟ್ರು ಗದರುತ್ತಿದ್ದರು. ಆಗ ನಗು ಬರುತ್ತಿತ್ತು. ಬಿ.ಇ. ಮುಗಿಸಿ ತೂಕದ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಸೇರಿದ ಮೇಲೆ ಆ ಮಾತಿನ ಬೆಲೆ ತಿಳಿಯಿತು.

ತೂಗುವ ವಿದ್ಯೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಸಿಂಧೂ ಕಣಿವೆಯ ಜನ ಕಲ್ಲನ್ನು ಘನಾಕೃತಿಯಲ್ಲಿ ಕಡೆದು ಬಟ್ಟು ಮಾಡಿಕೊಂಡಿದ್ದರು. ಅವುಗಳಲ್ಲಿ ಸಣ್ಣವು 1, 2, 4, 8, 16 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತವೆ. ಆಮೇಲೆ ಗುಲಗಂಜಿ, ತೊಲ, ಸೇರು, ಮಣ ಬಂದವು. ಆದರೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸರಿಹೊಂದುತ್ತಿರಲಿಲ್ಲ. ಅದರ ನಷ್ಟ ಹೆಚ್ಚಾಗಿ ರೈತನಿಗೇ. 1956ರ ತೂಕ ಮತ್ತು ಅಳತೆ ಕಾಯ್ದೆಯ ಬಳಿಕ, 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತಹಂತವಾಗಿ ನಮ್ಮ ಅಂಗಡಿಗಳಿಗೆ ಬಂತು.

ಆ ಕಿಲೋಗ್ರಾಂಗೂ ಒಂದು ಮೂಲ ಬಟ್ಟು ಇತ್ತು. ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಆ ಉರುಳೆಯನ್ನು 1889ರಲ್ಲಿ ಜಗತ್ತಿನ ಮಾನಕವೆಂದು ಒಪ್ಪಿ ಪ್ಯಾರಿಸ್ ಬಳಿ ಭದ್ರವಾಗಿ ಇಡಲಾಯಿತು. ಸುಮಾರು ನೂರು ವರ್ಷಗಳ ಬಳಿಕ ಅದರ ಪ್ರತಿಗಳೊಂದಿಗೆ ಹೋಲಿಸಿ ನೋಡಿದಾಗ 50 ಮೈಕ್ರೋಗ್ರಾಂನಷ್ಟು ವ್ಯತ್ಯಾಸ ಕಂಡಿತು. ಬದಲಾದದ್ದು ಮೂಲವೋ ಪ್ರತಿಗಳೋ ಹೇಳುವುದೇ ಕಷ್ಟವಾಯಿತು. ಕೊನೆಗೆ 2019ರ ಮೇ 20ರಿಂದ ಲೋಹದ ಉರುಳೆಯನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕದ ಆಧಾರದ ಮೇಲೆ ಕಿಲೋಗ್ರಾಂ ನಿಗದಿಯಾಯಿತು.

ಎಲೆಕ್ಟ್ರಾನಿಕ್ ತ್ರಾಸಿನ ಕಥೆ ಬೇರೆ. 1938ರ ಸುಮಾರಿಗೆ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆ ಬೇರೆಯಾಗಿ 'ಸ್ಟ್ರೈನ್ ಗೇಜ್' ಕಂಡುಹಿಡಿದರು. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ತೋರುತ್ತದೆ. ಇಂದಿನ ಕಿರಾಣಿ ಅಂಗಡಿಯ ತ್ರಾಸಿನಲ್ಲಿ ಇರುವುದು ಇದೇ.

ಇಲ್ಲೊಂದು ಸೂಕ್ಷ್ಮವಿದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಭೂಮಿ ಎರಡೂ ಕಡೆ ಸಮನಾಗಿ ಎಳೆಯುವುದರಿಂದ ಎಲ್ಲಿ ತೂಗಿದರೂ ಫಲ ಒಂದೇ. ಎಲೆಕ್ಟ್ರಾನಿಕ್ ತ್ರಾಸು ಅಳೆಯುವುದು ಆ ಎಳೆತವನ್ನೇ. ದೆಹಲಿಯಲ್ಲಿ ಸರಿಹೊಂದಿಸಿದ ತ್ರಾಸನ್ನು ಹಾಗೆಯೇ ಬೆಂಗಳೂರಿಗೆ ತಂದರೆ ಒಂದು ಕಿಲೋಗೆ ಸುಮಾರು ಒಂದು ಗ್ರಾಂ ಕಡಿಮೆ ತೋರುತ್ತದೆ. ಸಕ್ಕರೆಗೆ ಇದು ಲೆಕ್ಕಕ್ಕಿಲ್ಲ, ಚಿನ್ನಕ್ಕೆ ಇದೆ. ಸೂಕ್ಷ್ಮ ತ್ರಾಸಿಗಂತೂ ಫ್ಯಾನ್ ಗಾಳಿ, ಮೇಜಿನ ಅದುರು, ಬಿಸಿ ಪಾತ್ರೆ ಎಲ್ಲವೂ ಶತ್ರುಗಳೇ.

ಸಾಫ್ಟ್‌ವೇರ್ ಕೂಡ ತಪ್ಪು ಮಾಡಿಸಬಲ್ಲದು. ಖಾಲಿ ತಟ್ಟೆಯ ಅಂಕಿ ಅಲ್ಲಾಡದಿರಲೆಂದು ಯಂತ್ರ ಸಣ್ಣ ಏರಿಳಿತಗಳನ್ನು ತಾನಾಗಿಯೇ ಸೊನ್ನೆಗೆ ತರುತ್ತದೆ. ಒಮ್ಮೆ ಗ್ರಾಹಕರೊಬ್ಬರು ಔಷಧದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿದರೂ ನಾನು ಪ್ರೋಗ್ರಾಂ ಬರೆದ ಯಂತ್ರ ಸೊನ್ನೆಯನ್ನೇ ತೋರಿಸುತ್ತಿತ್ತು. ಅದು ಆ ಪುಡಿಯನ್ನೂ ಏರಿಳಿತವೆಂದೇ ಬಗೆದಿತ್ತು! ತ್ರಾಸಿನ ಲೋಹದಲ್ಲಿ ದೋಷವಿರಲಿಲ್ಲ, ನನ್ನ ಲೆಕ್ಕದಲ್ಲಿತ್ತು. ಹೆಚ್ಚು ದಶಮಾಂಶ ತೋರಿಸುವುದೂ ಸರಿಯಾಗಿ ತೂಗುವುದೂ ಒಂದೇ ಅಲ್ಲವೆಂದು ಅಂದು ಕಲಿತೆ.

ಅದಕ್ಕೇ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ವ್ಯಾಪಾರದ ತ್ರಾಸುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಹಾಲು, ಅಡಿಕೆ, ರೇಷ್ಮೆಗೂಡು ಮಾರುವ ನಮ್ಮ ಊರಿನವರ ವರ್ಷದ ದುಡಿಮೆ ಆ ಅಂಕಿಯ ಮೇಲೆ ನಿಂತಿದೆ. ಕಿರಿಯ ಸ್ನೇಹಿತರೇ, ಅಂಗಡಿಗೆ ಹೋದಾಗ ಆ ಮುದ್ರೆ ಇದೆಯೇ, ವಸ್ತು ಇಡುವ ಮುನ್ನ ಸೊನ್ನೆ ಇದೆಯೇ ನೋಡಿ. ಚಿಮಟ ಹಿಡಿಸಿದ ನಮ್ಮ ಮೇಷ್ಟ್ರು ಕಲಿಸಿದ್ದೂ ಇಷ್ಟೇ: ತೂಗುವ ಮೊದಲು ತ್ರಾಸನ್ನು ಪರೀಕ್ಷಿಸು.