ಜೋಳದ ರೊಟ್ಟಿ ಮತ್ತು ಮತಿಭ್ರಮಣೆ

ತಾರ್ನಾಕಾದ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಮುಂದೆ ನೀವು ಎಷ್ಟೋ ಸಲ ಹಾದುಹೋಗಿರುತ್ತೀರಿ. ಕೂನೂರಿನಲ್ಲಿದ್ದ ಅದು 1958ರಲ್ಲಿ ಹೈದರಾಬಾದಿಗೆ ಬಂತು. ಆಗ ಇಲ್ಲಿನ ಬಡವರಲ್ಲಿ ಪೆಲ್ಲಾಗ್ರ ಕಾಣಿಸುತ್ತಿತ್ತು. ಬಿಸಿಲು ತಾಗಿದಲ್ಲೆಲ್ಲ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಮತಿಭ್ರಮಣೆ. ಇದು ಮೆಕ್ಕೆಜೋಳ ತಿನ್ನುವವರ ರೋಗವೆಂದೇ ಹೆಸರಾಗಿತ್ತು. ಇಲ್ಲಿಯವರು ತಿನ್ನುತ್ತಿದ್ದುದು ನಮ್ಮ ಜೋಳದ ರೊಟ್ಟಿ! (ರೊಟ್ಟಿಯನ್ನು ಬೈಯಬೇಡಿ, ಬೇಳೆ, ಹಾಲು ಕಾಣದೆ ಬರೀ ಅದನ್ನೇ ತಿಂದರೆ ತೊಂದರೆ.) ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಕಡೆ ಬೆರಳು ತೋರಿದರು. ಆ ವಾದವನ್ನು ಆಮೇಲೆ ಹಲವರು ಪ್ರಶ್ನಿಸಿದರು. ಚಿಕಿತ್ಸೆಯ ಬಗ್ಗೆ ಮಾತ್ರ ಜಗಳವಿರಲಿಲ್ಲ. ಹುಚ್ಚು ಹಿಡಿದಿದೆಯೆಂದು ಕರೆತಂದವರ ಕುತ್ತಿಗೆ, ಮುಂಗೈ ನೋಡಿ ರೋಗ ಗುರುತಿಸಿ ನಿಕೋಟಿನಮೈಡ್ ಕೊಟ್ಟರೆ, ಕೆಲವೇ ದಿನಗಳಲ್ಲಿ ಮನೆಯವರ ಗುರುತು ಹಿಡಿಯುತ್ತಿದ್ದರು.