ಎಳೆಯರ ಪಾಠದ ವಾರ

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾಯಿದೆಗಳನ್ನೂ, ಕಟ್ಟಡಗಳನ್ನೂ, ಪರೀಕ್ಷೆಗಳ ಫಲಿತಾಂಶವನ್ನೂ ಎಣಿಸುವರು. ಆರೇಳು ವರ್ಷದ ಮಗುವು ಒಂದು ವಾರದ ಅವಧಿಯಲ್ಲಿ ಪಾಠಶಾಲೆಯೊಳಗೆ ಏನು ಮಾಡುತ್ತದೆ, ಆ ವಾರದ ನಡೆಯನ್ನು ಗೊತ್ತುಮಾಡುವವರು ಯಾರು ಎಂದು ವಿಚಾರಿಸುವವರು ವಿರಳ. ಆದರೆ ಮಗುವಿನ ಪಾಲಿಗೆ ವಿದ್ಯಾಭ್ಯಾಸವೆಂದರೆ ಆ ವಾರವೇ. ಕನ್ನಡ ನಾಡಿನಲ್ಲಿ ಕಳೆದ ಇನ್ನೂರು ವರ್ಷಗಳಲ್ಲಿ ಈ ವಾರದ ಸ್ವರೂಪವು ಎರಡು ಬಾರಿ ಬದಲಾಗಿದೆ.

ಕೂಲಿಮಠದ ಕಾಲದಲ್ಲಿ ಪಾಠದ ಲೆಕ್ಕವು ಪಂಚಾಂಗವನ್ನು ಅನುಸರಿಸುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ ಮೊದಲಾದ ಅನಧ್ಯಯನದ ತಿಥಿಗಳಲ್ಲಿ ಹೊಸ ಪಾಠವಿಲ್ಲವೆಂಬುದು ಸಂಪ್ರದಾಯ. ಆ ಮಠಗಳ ಒಳಗಿನ ನಡೆವಳಿಕೆಯನ್ನು ತಿಳಿಯಲು ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನು ೧೮೨೩ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯು ಅಮೂಲ್ಯವಾದ ಆಧಾರ. ಬೆಳಗ್ಗೆ ಆರು ಗಂಟೆಗೆ ಪಾಠ ಆರಂಭ. ಮೊದಲು ಬಂದ ಬಾಲಕನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು; ಎರಡನೆಯವನಿಗೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ; ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು; ಹೀಗೆ ತಡವಾದಂತೆಲ್ಲ ಏಟಿನ ಲೆಕ್ಕ ಬೆಳೆಯುತ್ತಿತ್ತು. ಅಕ್ಷರಗಳನ್ನು ಬಾಯಿಂದ ಹೇಳಿಸುವುದಕ್ಕಿಂತ ಮೊದಲು ಬೆರಳಿನಿಂದ ಮರಳಿನ ಮೇಲೆ ತಿದ್ದಿಸುತ್ತಿದ್ದರು. ಕೈ ಪಳಗಿದ ಬಳಿಕ ಹಲಗೆ; ಇಲ್ಲವೇ ಗಂಜಿ ಹಾಕಿ, ಇದ್ದಿಲು ಬಳಿದು, ಪುಸ್ತಕದಂತೆ ಮಡಿಸಿದ ಬಟ್ಟೆಯ ಕಡತ. ಬಳಪದಿಂದ ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು.

ಇಲ್ಲಿ ಗಮನಿಸತಕ್ಕ ಅಂಶವು ಬೇರೊಂದಿದೆ. ಮಠದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿದ್ದುವು. ಒಂದರಿಂದ ಮತ್ತೊಂದಕ್ಕೆ ಏರುವುದು ಆಯಾ ಬಾಲಕನ ಶಕ್ತಿಯನ್ನೂ ಪ್ರಗತಿಯನ್ನೂ ಹೊಂದಿಕೊಂಡಿತ್ತು. ಮುಂದುವರಿದವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಹೇಳಿಕೊಡುತ್ತ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದುದು ಉಚಿತವೇ ಎಂದು ಕ್ಯಾಂಪ್‌ಬೆಲ್ಲನು ಮೆಚ್ಚಿದ್ದಾನೆ. ಆ ಅನುಕರಣೆಗೆ ಮೂಲನಾದವನು ಆಂಡ್ರೂ ಬೆಲ್. ಮದರಾಸಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಅವನು ಈ ದೇಶದ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಬಳಸಿ, ೧೭೯೭ರಲ್ಲಿ ಅದರ ವಿವರವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು.

ಆದರೆ ಹಳೆಯದೆಲ್ಲವೂ ಚೆನ್ನಾಗಿತ್ತೆಂದು ಭಾವಿಸುವುದು ಚರಿತ್ರೆಗೆ ಮಾಡುವ ಅಪಚಾರ. ಆ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ಓದುವವರು ೬,೬೪೧ ಮಾತ್ರ. ಸಾವಿರಕ್ಕೆ ಸುಮಾರು ಏಳು ಮಂದಿಯಷ್ಟೆ. ಅವರಲ್ಲಿ ಹೆಣ್ಣುಮಕ್ಕಳು ಕೇವಲ ೬೦. ಸೋಮಾರಿಯೆನಿಸಿದವನನ್ನು ಕೈಕಟ್ಟಿ ಸೂರಿಗೆ ತೂಗುಹಾಕುವ ದಂಡನೆಯೂ ಉಂಟು. ಕೋದಂಡವೆಂಬ ಹೆಸರು ನಮ್ಮ ಹಿರಿಯರಿಗೆ ಮರೆತಿರಲಿಲ್ಲ. ಮಗುವಿನ ಹೆಜ್ಜೆಗೆ ತಕ್ಕ ಪಾಠವೆಂಬ ಸೌಕರ್ಯವು ಬಾಗಿಲೊಳಗೆ ಬಂದ ಕೆಲವರಿಗಷ್ಟೆ ದೊರೆಯುತ್ತಿತ್ತು.

ಬಾಗಿಲನ್ನು ಅಗಲಗೊಳಿಸಿದುದು ಸರ್ಕಾರದ ಶಾಲೆ. ಮೈಸೂರು ಸಂಸ್ಥಾನದಲ್ಲಿ ೧೮೫೭ರಲ್ಲಿ ವಿದ್ಯಾಭ್ಯಾಸದ ಇಲಾಖೆ ಏರ್ಪಟ್ಟಿತು. ೧೮೬೮ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಹುಟ್ಟಿದುವು. ೧೯೧೩ರಲ್ಲಿ ಕಡ್ಡಾಯ ವಿದ್ಯಾಭ್ಯಾಸದ ಕಾನೂನು ಬಂದಿತು. ಇವುಗಳೊಡನೆ ಪಂಚಾಂಗದ ತಿಥಿಯ ಸ್ಥಾನದಲ್ಲಿ ಗಡಿಯಾರವೂ, ಭಾನುವಾರದ ಬಿಡುವೂ, ಗೋಡೆಯ ಮೇಲಿನ ವೇಳಾಪಟ್ಟಿಯೂ ಬಂದು ಕುಳಿತುವು. ಸೋಮವಾರ ಮೊದಲ ಗಂಟೆಗೆ ಲೆಕ್ಕವೆಂದರೆ ತರಗತಿಗೆಲ್ಲ ಲೆಕ್ಕ. ಎಲ್ಲರಿಗೂ ಅದೇ ಪುಟ. ಪಾಠವು ಎಲ್ಲರದಾಯಿತು, ನಿಜ. ಆದರೆ ಹೆಜ್ಜೆಯು ಯಾರದೂ ಆಗಲಿಲ್ಲ. ಜ್ವರದಿಂದಲೋ, ಸುಗ್ಗಿಯ ಕೆಲಸದಿಂದಲೋ ಮೂರು ದಿನ ಬಾರದ ಮಗುವು ಹಿಂದಿರುಗಿದಾಗ ಪುಟ ಮುಂದೆ ಸರಿದಿರುತ್ತಿತ್ತು. ಹೀಗೆ ತಪ್ಪಿದ ಮಗುವು ಕ್ರಮೇಣ ಶಾಲೆಯನ್ನೇ ತಪ್ಪಿಸುವುದು ಆಶ್ಚರ್ಯವಲ್ಲ.

ಎರಡನೆಯ ಬದಲಾವಣೆಯು ಮೈಸೂರು ಜಿಲ್ಲೆಯಲ್ಲಿಯೇ ಮೊಳೆಯಿತು. ಕಾಡಿನ ಅಂಚಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ೧೯೯೫ರಲ್ಲಿ ನಲಿ-ಕಲಿ ಎಂಬ ಕ್ರಮವನ್ನು ತೊಡಗಿದರು. ೨೦೦೯-೧೦ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ಹಬ್ಬಿತು. ಈ ಕ್ರಮದಲ್ಲಿ ಪಾಠವನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಪ್ರಾಣಿಪಕ್ಷಿಗಳ ಚಿತ್ರವಿರುವ ಕಾರ್ಡುಗಳನ್ನು ಕಲಿಕೆಯ ಏಣಿಯಲ್ಲಿ ಜೋಡಿಸಿರುವರು. ಮಕ್ಕಳು ಕೂರುವ ಗುಂಪಿಗೆ ತಟ್ಟೆಯೆಂದು ಹೆಸರು. ಹೊಸ ಅಕ್ಷರವನ್ನು ಉಪಾಧ್ಯಾಯರ ಪೂರ್ಣ ಸಹಾಯದಿಂದ ಕಲಿತ ಮಗುವು, ಅಭ್ಯಾಸಕ್ಕೆ ಗೆಳೆಯರ ಗುಂಪಿಗೆ ಸರಿದು, ಕಡೆಗೆ ತಾನೇ ಒಂಟಿಯಾಗಿ ಓದಿ ಬರೆಯುವ ತಟ್ಟೆಗೆ ತಲಪುವುದು. ತಲೆಯ ಮೇಲೆ ಚಪ್ಪರದಿಂದ ಮಕ್ಕಳ ಕೈಕೆಲಸ ತೂಗುತ್ತಿರುತ್ತದೆ. ಗೋಡೆಯ ಕೆಳಭಾಗವೇ ಅವರ ಕಪ್ಪುಹಲಗೆ. ದಿನದಿನದ ಬಿಸಿಲು ಮಳೆಯನ್ನು ಹವಾಮಾನದ ನಕ್ಷೆಯಲ್ಲಿ ಅವರೇ ಗುರುತಿಸುವರು. ಮೂರು ದಿನ ತಪ್ಪಿದವನು ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದಕ್ಕೆ ಹತ್ತಬಹುದು.

ಕಾಡಂಚಿನ ಹಳ್ಳಿಗೆಂದು ಹುಟ್ಟಿದ ಈ ವಿಚಾರವು ನಗರಕ್ಕೂ ಬೇಕಾದುದು. ಮೈಸೂರಿನ ಉದಯಗಿರಿಯ ಬಳಿಯ ರಾಜೀವನಗರದಂತಹ ಬಡಾವಣೆಗಳಲ್ಲಿ ಒಂದು ಮನೆಯ ಮಾತು ಕನ್ನಡ, ಪಕ್ಕದ ಮನೆಯದು ಉರ್ದು. ಮನೆಮಾತು ಬೇರೆಯಾದ ಮಗುವಿಗೆ ‘ಅರಸ’ ಎಂಬ ಪದವನ್ನು ಓದುವುದೂ, ಅದರ ಅರ್ಥವನ್ನು ತಿಳಿಯುವುದೂ ಎರಡು ಬೇರೆ ಕೆಲಸಗಳು. ನೆರೆಯವನ ವಾರವೇ ಅವನಿಗೂ ಸಾಲದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಐದನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ದಿನ, ೮೦೦ ಗಂಟೆಗಳ ಪಾಠವನ್ನು ವಿಧಿಸಿದೆ. ಎಂದರೆ ದಿನಕ್ಕೆ ನಾಲ್ಕು ಗಂಟೆ. ಗಂಟೆಯ ಲೆಕ್ಕವನ್ನು ಕಾಯಿದೆ ಕೊಡಬಲ್ಲುದು. ಆ ಗಂಟೆಯಲ್ಲಿ ಯಾವ ಮಗು ಯಾವ ಮೆಟ್ಟಿಲಿನಲ್ಲಿದೆಯೆಂಬುದನ್ನು ಬಲ್ಲವರು ಉಪಾಧ್ಯಾಯರೊಬ್ಬರೇ.

ಆದುದರಿಂದ ಈ ಕ್ರಮದ ಭಾರವೆಲ್ಲ ಅವರ ಹೆಗಲ ಮೇಲೆಯೇ ಬೀಳುತ್ತದೆ. ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ; ಪ್ರತಿಯೊಬ್ಬರ ಪ್ರಗತಿಯನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು. ನಾಲ್ಕನೆಯ ತರಗತಿಗೆ ಹೋದೊಡನೆ ಮಗುವನ್ನು ಮತ್ತೆ ಹಳೆಯ ವೇಳಾಪಟ್ಟಿಯೇ ಎದುರುಗೊಳ್ಳುತ್ತದೆ. ‘ಇಂದು ಎಷ್ಟನೆಯ ಪಾಠವಾಯಿತು?’ ಎಂದು ಕೇಳುವ ತಾಯಿತಂದೆಗಳಿಗೆ ಏಣಿಯ ಲೆಕ್ಕವು ಸುಲಭವಾಗಿ ಒಪ್ಪಿಗೆಯಾಗದು.

ಕೂಲಿಮಠವು ಕೆಲವರಿಗೆ ಅವರವರ ಹೆಜ್ಜೆಯನ್ನು ಬಿಟ್ಟುಕೊಟ್ಟಿತು. ಸರ್ಕಾರದ ಶಾಲೆ ಎಲ್ಲರನ್ನೂ ಕರೆದು ಒಂದೇ ಹೆಜ್ಜೆಯನ್ನು ಹಾಕಿಸಿತು. ಎಲ್ಲರನ್ನೂ ಒಳಗೆ ಕರೆದು, ಅವರವರ ಹೆಜ್ಜೆಯಲ್ಲಿಯೇ ನಡೆಸುವುದು ಇವೆರಡಕ್ಕಿಂತಲೂ ಕಷ್ಟವಾದ ಕೆಲಸ. ಮನೆಯವರು ‘ಎಷ್ಟು ಪಾಠವಾಯಿತು’ ಎಂಬುದನ್ನು ಬಿಟ್ಟು, ‘ಈ ವಾರ ಯಾವ ಹೊಸ ಪದವನ್ನು ನೀನೇ ಓದಿದೆ?’ ಎಂದು ಮಗುವನ್ನು ಕೇಳುವಂತಾದರೆ, ಆ ಕೆಲಸದಲ್ಲಿ ಉಪಾಧ್ಯಾಯರಿಗೆ ಅರ್ಧ ನೆರವು ದೊರೆತಂತೆಯೇ.