ಸಯಾಮಿ ಬೆಕ್ಕು ಬೆಳೆದು ಬಂದ ಬಗೆ

ಸಯಾಮಿ ಬೆಕ್ಕಿನ ತವರು ಹಿಂದಿನ ಸಯಾಮ್, ಅಂದರೆ ಇಂದಿನ ಥಾಯ್ಲೆಂಡ್. ಕೆನೆಬಣ್ಣದ ಮೈ, ಕಡುಗಂದು ಮುಖ, ಅದೇ ಬಣ್ಣದ ಕಿವಿ, ಕಾಲು, ಬಾಲ, ಇವಕ್ಕೆ ಎದ್ದು ಕಾಣುವ ನೀಲಿ ಕಣ್ಣು ಇದರ ಗುರುತು. ಥಾಯ್ ಜನ ಇದನ್ನು ವಿಚಿಯೆನ್‌ಮಾತ್ ಎನ್ನುತ್ತಾರೆ. ಆಯುತ್ಥಯ ರಾಜ್ಯದ (1351–1767) ಪರಂಪರೆಯದೆಂದು ಹೇಳುವ 'ತಮ್ರಾ ಮ್ಯಾಉ' ಎಂಬ ಮಾರ್ಜಾಲಶಾಸ್ತ್ರ ಇದನ್ನು ಚಿತ್ರ ಸಮೇತ ಪದ್ಯದಲ್ಲಿ ವರ್ಣಿಸುತ್ತದೆ. ಮನೆಗೆ ಒಳಿತು ತರುವ ಹದಿನೇಳು ಬಗೆಯ ಬೆಕ್ಕುಗಳು, ಕೇಡು ತರುವ ಆರು ಬಗೆಯವು ಎಂದು ಅದರಲ್ಲಿ ವಿಂಗಡಣೆಯಿದೆ. ವಿಚಿಯೆನ್‌ಮಾತ್ ಶುಭದ ಪಟ್ಟಿಯಲ್ಲಿದೆ. ಕನ್ನಡ ನಾಡಿನ ಹಳೆಯ ಕಡತಗಳಂತೆ ಈ ಹೊತ್ತಗೆಯೂ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಕಡತ ಬಟ್ಟೆಯದು, ಇದು ಖೋಯ್ ಮರದ ತೊಗಟೆಯಿಂದ ಮಾಡಿದ ಕಾಗದದ್ದು. 1767ರಲ್ಲಿ ಬರ್ಮಾದ ಸೇನೆ ಆಯುತ್ಥಯ ನಗರವನ್ನು ಸುಟ್ಟು ಹಾಳುಗೆಡವಿತು. ಈಗ ಸಿಗುವ ಪ್ರತಿಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ನಕಲುಗಳು.

ಈ ಬೆಕ್ಕು ಅರಮನೆ ಬಿಟ್ಟು ಬೇರೆಲ್ಲೂ ಇರಲಿಲ್ಲ, ರಾಜಾಜ್ಞೆಯಿಲ್ಲದೆ ಹೊರಗೆ ಹೋಗುತ್ತಿರಲಿಲ್ಲ ಎಂಬ ಕಥೆಯನ್ನು ಪಾಶ್ಚಾತ್ಯ ಸಾಕಣೆದಾರರು ಬಹುಕಾಲ ಹೇಳಿಕೊಂಡು ಬಂದರು. ಕಥೆಗೆ ಗಟ್ಟಿ ಆಧಾರವಿಲ್ಲ. ಮರಿಯ ಬೆಲೆ ಏರಿಸಲು ಮಾತ್ರ ಅದು ಒದಗಿಬಂದಿರಬೇಕು.

1871ರ ಜುಲೈನಲ್ಲಿ ಲಂಡನ್‌ನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವೇರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಲ್ಲಿ ಸಯಾಮಿ ಬೆಕ್ಕುಗಳೂ ಇದ್ದವು. ದುಂಡು ಮುಖದ, ಮೈತುಂಬಿದ ಬೆಕ್ಕುಗಳನ್ನೇ ಕಂಡಿದ್ದ ಜನರಿಗೆ ಇವು ವಿಕಾರವಾಗಿ ಕಂಡವು. ಪತ್ರಿಕೆಯೊಂದು ದುಃಸ್ವಪ್ನಕ್ಕೆ ಹೋಲಿಸಿ ಬರೆಯಿತು. ತಿರಸ್ಕಾರ ಹೆಚ್ಚು ಕಾಲ ನಿಲ್ಲಲಿಲ್ಲ. 1884ರಲ್ಲಿ ಬ್ಯಾಂಕಾಕ್‌ನ ಬ್ರಿಟಿಷ್ ರಾಯಭಾರ ಅಧಿಕಾರಿ ಎಡ್ವರ್ಡ್ ಬ್ಲೆಂಕೋ ಗೂಲ್ಡ್ ತನ್ನ ತಂಗಿ ಲಿಲಿಯನ್ ವೇಲಿಗಾಗಿ ಫೋ ಮತ್ತು ಮಿಯಾ ಎಂಬ ಜೋಡಿಯನ್ನು ತಂದ. ಅವುಗಳ ಮರಿಗಳು ಮರುವರ್ಷವೇ ಪ್ರದರ್ಶನಕ್ಕೆ ಬಂದವು. 1901ರಲ್ಲಿ ಸಯಾಮಿ ಬೆಕ್ಕಿಗೆಂದೇ ಕ್ಲಬ್ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಲಿಲಿಯನ್ ಕೂಡ ಒಬ್ಬರು.

ಆದರೆ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದ ಆ ಮರಿಗಳು ಹೆಚ್ಚು ದಿನ ಬದುಕಲಿಲ್ಲ. ಅಮೆರಿಕದಲ್ಲೂ ಆದದ್ದು ಇದೇ. 1878ರ ಕೊನೆಯಲ್ಲಿ ಬ್ಯಾಂಕಾಕ್‌ನ ಅಮೆರಿಕನ್ ಕಾನ್ಸಲ್ ಡೇವಿಡ್ ಸಿಕಲ್ಸ್, ಅಧ್ಯಕ್ಷ ರದರ್‌ಫರ್ಡ್ ಹೇಸ್ ಅವರ ಪತ್ನಿ ಲೂಸಿಗೆ ಒಂದು ಹೆಣ್ಣುಬೆಕ್ಕನ್ನು ಹಡಗಿನಲ್ಲಿ ಕಳಿಸಿದ. ಶ್ವೇತಭವನದಲ್ಲಿ ಅದಕ್ಕೆ 'ಸಯಾಮ್' ಎಂದೇ ಹೆಸರಾಯಿತು. 1879ರ ಶರತ್ಕಾಲದಲ್ಲಿ ಅದು ಕಾಯಿಲೆ ಬಿದ್ದಾಗ ಮೀನು, ಕೋಳಿ, ಬಾತುಕೋಳಿ, ಕೆನೆ ಎಲ್ಲವನ್ನೂ ತಿನ್ನಿಸಿ ನೋಡಿದರು, ಉಳಿಯಲಿಲ್ಲ. ಬೆಕ್ಕಿನ ಸಾಂಕ್ರಾಮಿಕ ರೋಗಗಳಿಗೆ ಆಗ ಲಸಿಕೆಯೇ ಇರಲಿಲ್ಲ. ಹೊಸ ನಾಡಿಗೆ ಬಂದ ಪ್ರಾಣಿಗೆ ಅಕ್ಕರೆ ಸಿಕ್ಕಿತು, ಮದ್ದು ಸಿಗಲಿಲ್ಲ.

ಬಣ್ಣದ ಗುಟ್ಟು ಬಯಲಾದದ್ದು ಪ್ರಯೋಗಾಲಯದಲ್ಲಿ. ಸಯಾಮಿ ಮರಿ ಹುಟ್ಟುವಾಗ ಬೆಳ್ಳಗಿರುತ್ತದೆ. ದಿನ ಕಳೆದಂತೆ ಕಿವಿಯಂಚು, ಮೂತಿ, ಬಾಲ ಕಪ್ಪಾಗುತ್ತ ಬರುತ್ತವೆ. ಸೋವಿಯತ್ ಸಂಶೋಧಕರು ಮೈಮೇಲಿನ ತುಪ್ಪಳ ಬೋಳಿಸಿ ಆ ಜಾಗವನ್ನು ತಂಪಾಗಿಟ್ಟು ನೋಡಿದರು. ಹೊಸ ಕೂದಲು ಕಪ್ಪಾಗಿ ಬೆಳೆಯಿತು. 1930ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಬಣ್ಣ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವ ಈ ತಳಿಯಲ್ಲಿ ದೋಷಪೂರಿತವಾಗಿದ್ದು, ಮೈ ಬೆಚ್ಚಗಿರುವ ಕಡೆ ಕೆಲಸ ಮಾಡುವುದಿಲ್ಲ. ತಣ್ಣಗಿರುವ ತುದಿಗಳಲ್ಲಷ್ಟೇ ಮಾಡುತ್ತದೆ. ಶಸ್ತ್ರಚಿಕಿತ್ಸೆಗೆಂದು ವೈದ್ಯರು ಹೊಟ್ಟೆಯ ಕೂದಲು ತೆಗೆದಾಗ ಅಲ್ಲಿ ಕಪ್ಪು ಪಟ್ಟೆ ಮೂಡುವುದು ಇದರಿಂದಲೇ. ಸಾಕಿದವರು ಗಾಬರಿಯಾಗಬೇಕಿಲ್ಲ, ಮುಂದೆ ಕೂದಲು ಉದುರಿ ಬೆಳೆಯುವಾಗ ಅದು ತಿಳಿಯಾಗುತ್ತದೆ. ಸೆಕೆಯ ಊರಿನಲ್ಲಿ ಬೆಳೆದ ಬೆಕ್ಕಿನ ಮೈ ಚಳಿನಾಡಿನದಕ್ಕಿಂತ ಬಿಳುಪಾಗಿರುತ್ತದೆ.

ಈ ತಳಿಯಲ್ಲಿ ಕಾಣುವ ಮೆಳ್ಳೆಗಣ್ಣಿಗೂ ಕಿಣ್ವದ ಇದೇ ದೋಷ ಮೂಲ. ಬಣ್ಣದ ಕೊರತೆಯಿಂದ ಕಣ್ಣಿನ ಕೆಲವು ನರತಂತುಗಳು ಮಿದುಳಿನ ತಪ್ಪು ಬದಿಗೆ ಹೋಗಿ ಸೇರುತ್ತವೆ. ಮುಂದೆ ನೊಬೆಲ್ ಪಡೆದ ಹ್ಯೂಬೆಲ್ ಮತ್ತು ವೀಸೆಲ್ 1971ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಸ್ವಾರಸ್ಯವೆಂದರೆ, ಮೊದಮೊದಲು ಮೆಳ್ಳೆಗಣ್ಣು ಮತ್ತು ಬಾಲದ ತುದಿಯ ಗಂಟು ಅಸಲಿ ಸಯಾಮಿಯ ಲಕ್ಷಣಗಳೆನಿಸಿದ್ದವು; ರಾಜಕುಮಾರಿಯ ಉಂಗುರ ಕಾಯಲು ಬಾಲ ಗಂಟಾಯಿತೆಂಬ ಕಥೆಯೂ ಹುಟ್ಟಿತು. ಆಮೇಲೆ ಅವೆರಡೂ ಕುಂದುಗಳಾದವು, ಅಂಥವನ್ನು ಸಂತಾನಕ್ಕೆ ಬಿಡುವುದು ನಿಂತಿತು.

ಮೈಕಟ್ಟಿನ ವಿಷಯದಲ್ಲಿ ಮನುಷ್ಯನ ರುಚಿ ಇನ್ನೂ ದೂರ ಹೋಯಿತು. ಇಪ್ಪತ್ತನೆಯ ಶತಮಾನದ ನಡುಭಾಗದಿಂದೀಚೆಗೆ ತೀರ್ಪುಗಾರರು ತೆಳು ಮೈಯನ್ನೇ ಮೆಚ್ಚಿದರು. ಸಾಕಣೆದಾರರು ಅಂಥವನ್ನೇ ಕೂಡಿಸುತ್ತ ಹೋದರು. ಕೊನೆಗೆ ಪ್ರದರ್ಶನದ ಸಯಾಮಿ ಉದ್ದನೆಯ ತ್ರಿಕೋನ ಮುಖದ, ಭಾರಿ ಕಿವಿಯ, ಕಡ್ಡಿಯಂಥ ಬೆಕ್ಕಾಯಿತು. 'ತಮ್ರಾ ಮ್ಯಾಉ' ಹೊತ್ತಗೆಯ ಹಳೆಯ ಚಿತ್ರಗಳಿಗೂ ಅದಕ್ಕೂ ಸಂಬಂಧವೇ ಕಾಣದು. ಹಳೆಯ ಮೈಕಟ್ಟನ್ನು ಉಳಿಸಿಕೊಂಡ ಬೆಕ್ಕುಗಳನ್ನು ಈಗ 'ಥಾಯ್' ಎಂಬ ಬೇರೆ ತಳಿಯೆಂದೇ ಲೆಕ್ಕಹಾಕುತ್ತಾರೆ. ಮೂಲದ್ದಕ್ಕೆ ಹೊಸ ಹೆಸರು, ಬದಲಾದದ್ದಕ್ಕೆ ಮೂಲದ ಹೆಸರು!

ಆರೈಕೆಯ ಮಟ್ಟಿಗೆ ಸಯಾಮಿ ಬೇಡುವುದು ಮುಖ್ಯವಾಗಿ ಮನುಷ್ಯರ ಸಹವಾಸವನ್ನು. ದೊಡ್ಡ ದನಿಯಲ್ಲಿ ಎಡೆಬಿಡದೆ ಮಾತಾಡುವ, ಮನೆಯವರ ಹಿಂದೆಯೇ ತಿರುಗುವ ಪ್ರಾಣಿ ಇದು. ದಿನವಿಡೀ ಬೀಗ ಹಾಕಿದ ಮನೆಯಲ್ಲಿ ಕೊರಗುತ್ತದೆ. ತುಪ್ಪಳ ಗಿಡ್ಡವಾದ್ದರಿಂದ ವಾರಕ್ಕೊಮ್ಮೆ ಬಾಚಿದರೆ ಸಾಕು. ಹೆಣ್ಣು ಐದಾರು ತಿಂಗಳಿಗೇ ಬೆದೆಗೆ ಬಂದು ಮನೆ ಕಿತ್ತುಹೋಗುವಂತೆ ಕೂಗುವುದುಂಟು. ಸಂತಾನಹರಣ ಚಿಕಿತ್ಸೆಯನ್ನು ಅದಕ್ಕೂ ಮೊದಲೇ ಮಾಡಿಸುವುದು ಲೇಸು.

ಊಟದ ವಿಚಾರ ಕರ್ನಾಟಕದ ಮನೆಗಳಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಇಲ್ಲಿ ಬೆಕ್ಕಿಗೆ ಹಾಲನ್ನ ಹಾಕುವುದು ರೂಢಿ. ಅಂಗಳದ ಬೆಕ್ಕು ಇಲಿ ಹಿಡಿದು ಉಳಿದದ್ದನ್ನು ತುಂಬಿಸಿಕೊಳ್ಳುತ್ತದೆ. ಫ್ಲಾಟಿನಲ್ಲಿರುವ ಸಯಾಮಿಗೆ ಆ ದಾರಿಯಿಲ್ಲ. ಮಾಂಸ, ಮೀನಿನಲ್ಲಿ ಸಿಗುವ ಟಾರಿನ್ ಎಂಬ ಅಂಶವಿಲ್ಲದಿದ್ದರೆ ಬೆಕ್ಕಿನ ಅಕ್ಷಿಪಟ ಸವೆಯುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಇದು ಖಚಿತವಾದದ್ದು 1970–80ರ ದಶಕಗಳಲ್ಲಿ. ಮಾಂಸ ಬೇಯಿಸದ ಮನೆಯವರು ಟಾರಿನ್ ಸೇರಿಸಿದ ಸಿದ್ಧ ಆಹಾರವನ್ನಾದರೂ ಕೊಡಬೇಕು.

ಅಕ್ಷಿಪಟ ಕ್ರಮೇಣ ಕ್ಷೀಣಿಸಿ ಕುರುಡು ತರುವ ಆನುವಂಶಿಕ ರೋಗವೂ ಈ ತಳಿಯಲ್ಲಿದೆ. ಇದನ್ನು ಪತ್ತೆಹಚ್ಚುವ ಡಿಎನ್ಎ ಪರೀಕ್ಷೆ ಲಭ್ಯವಿದೆ. ಹಣ ಕೊಟ್ಟು ಸಯಾಮಿ ಮರಿ ತರುವವರು ಬಣ್ಣ ನೋಡಿ ಮರುಳಾಗುವ ಬದಲು ತಂದೆತಾಯಿ ಬೆಕ್ಕುಗಳ ಪರೀಕ್ಷೆಯ ವರದಿಯನ್ನೂ ಮರಿಯ ಲಸಿಕೆಯ ಚೀಟಿಯನ್ನೂ ಮೊದಲು ಕೇಳಬೇಕು.